ಆಕಾಶ ಪುಕ್ಕಟೆ, ಕುತೂಹಲ ತುಟ್ಟಿ

ಮೊನ್ನೆ ರವಿವಾರದ ಮಾತು. ಇಂಡಿಯಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲೆ ಕೈಯಲ್ಲಿ ಪಾನಾ ಹಿಡಿದು ನಿಂತಿದ್ದೆ. ಸೊಲ್ಲಾಪುರದ ಮೋಡಕಾ ಅಂಗಡಿಯಿಂದ ಕೊಂಡು ತಂದ ಎಂಟಡಿ ಅಗಲದ ಜಾಳಿಗೆಯ ಡಿಶ್ಶನ್ನು ಒಂದು ಉಪಗ್ರಹದಿಂದ ಇನ್ನೊಂದರ ಕಡೆಗೆ ತಿರುಗಿಸುವ ಕೆಲಸ ನಡೆದಿತ್ತು. ಕೆಳಗೆ ಓಣಿಯಲ್ಲಿ ಹೊರಟಿದ್ದ ಲಿಂಬೆಯ ಅಡತಿ ವ್ಯಾಪಾರಿಗಳೊಬ್ಬರು ತಲೆಯೆತ್ತಿ ನೋಡಿದರು.

"ಮಾಸ್ತರ್ರ, ಈ ವಯಸ್ಸಿನಾಗ ಬಿಸಲಾಗ ನಿಂತು ಇದೇನ್ರಿ ಕಸರತ್ತು? ತಿಂಗಳಾ ಮುನ್ನೂರು ರೂಪಾಯಿ ಒಗದ್ರ ಎಲ್ಲಾ ಮನಿಗೇ ಬರ್ತೈತಿ. ಪೆನ್ಶನ್ ಸಾಲೂದಿಲ್ಲೇನ್ರಿ?"

ಅವರು ಒಳ್ಳೆಯವರು, ಕನಿಕರದಿಂದಲೇ ಕೇಳಿದರು. ಆದರೆ ಆ ಕನಿಕರವೇ ನನ್ನನ್ನು ಈ ಲೇಖನ ಬರೆಯಲು ಕೂಡಿಸಿತು. ಪುಕ್ಕಟೆಯಾಗಿ ಬರುವ ಉಪಗ್ರಹ ಟೆಲಿವಿಜನ್ನನ್ನು ತನ್ನ ಕೈಯಾರೆ ಹಿಡಿದು ನೋಡುವವನು ಒಂದೋ ಬಡವನಿರಬೇಕು, ಇಲ್ಲವೆ ಜಿಪುಣನಿರಬೇಕು. ಮೂರನೆಯ ಕಾರಣವೊಂದು ಇರಬಹುದೆಂಬ ಊಹೆ ಕೂಡ ನಮ್ಮ ಸಭ್ಯ ಸಮಾಜಕ್ಕೆ ಬರುವುದಿಲ್ಲ. ಆ ಮೂರನೆಯ ಕಾರಣದ ಹೆಸರು ಕುತೂಹಲ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಬೇಕು. ಪುಕ್ಕಟೆ ಡಿಶ್ ನೋಡುವವರೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2004ರ ಡಿಸೆಂಬರಿನಲ್ಲಿ ದೂರದರ್ಶನವು ಡಿ.ಡಿ. ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಆರಂಭಿಸಿದ ಸೇವೆ ಮುಂದೆ ಡಿ.ಡಿ. ಫ್ರೀ ಡಿಶ್ ಆಯಿತು. ಒಂದು ಸಲ ಪೆಟ್ಟಿಗೆ ಮತ್ತು ಎರಡಡಿಯ ತಟ್ಟೆಯನ್ನು ಕೊಂಡರೆ ಮುಂದೆ ತಿಂಗಳ ಬಾಡಿಗೆಯಿಲ್ಲ. ದೇಶದಲ್ಲಿ ಕೋಟಿಗಟ್ಟಲೆ ಮನೆಗಳು ಅದನ್ನು ನೋಡುತ್ತವೆ. ಸಿಂದಗಿಯ ಹೊಲದ ವಸ್ತಿಗಳಲ್ಲಿ, ಮುದ್ದೇಬಿಹಾಳದ ತಗಡಿನ ಮನೆಗಳ ಮೇಲೆ ಆ ತಟ್ಟೆಗಳನ್ನು ನೀವೂ ಕಂಡಿರಬಹುದು. ಆದರೆ ಅವರು ಅಗತ್ಯದಿಂದ ನೋಡುವವರು. ಅಂಗಡಿಯವನು ತೋರಿಸಿಕೊಟ್ಟದ್ದನ್ನು ನೋಡುವವರು. ನಾನು ಹೇಳುವುದು ಹವ್ಯಾಸಿಯ ಮಾತು. ಈ ತಟ್ಟೆ ಆ ದಿಕ್ಕಿಗೇ ಏಕೆ ಮುಖ ಮಾಡಿದೆ, ಎರಡು ಬೆರಳು ಸರಿಸಿದರೆ ಏನು ಕಾಣುತ್ತದೆ, ಆಚೆಗೆ ಇನ್ನೇನಿದೆ ಎಂದು ಕೇಳಿ, ಕೈ ಮಸಿಮಾಡಿಕೊಂಡು ಹುಡುಕುವವನೇ ಹವ್ಯಾಸಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳಲ್ಲಿಯೂ ನಾನು ಮಾಸ್ತರಿಕೆ ಮಾಡಿದ್ದೇನೆ. ಅಂಥ ಇನ್ನೊಬ್ಬನು ನನ್ನ ಕಣ್ಣಿಗೆ ಬಿದ್ದಿಲ್ಲ.

ಡಿಶ್ ಕೂಡಿಸುವ ಹುಡುಗರು ಇದ್ದಾರಲ್ಲ ಎನ್ನಬಹುದು. ಇದ್ದಾರೆ, ಅವರ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ಹತ್ತು ನಿಮಿಷದಲ್ಲಿ, ಯಾವ ಯಂತ್ರದ ನೆರವೂ ಇಲ್ಲದೆ, ಉಪಗ್ರಹವನ್ನು ಹಿಡಿದುಬಿಡುತ್ತಾರೆ. ಆದರೆ ಅವರಿಗೆ ಬಿಡುವಿಲ್ಲ. ಒಂದು ಮನೆ ಮುಗಿಸಿ ಇನ್ನೊಂದಕ್ಕೆ ಓಡಬೇಕು. ಬಿಡುವಿರುವ ನಮ್ಮಂಥವರಿಗೆ ಕೈಯಿಲ್ಲ. ಪಾನಾ ಮುಟ್ಟಿದರೆ ಮರ್ಯಾದೆ ಹೋದೀತೆಂಬ ಭಯ. ಕೈಯಿದ್ದವನಿಗೆ ಹೊತ್ತಿಲ್ಲ, ಹೊತ್ತಿದ್ದವನಿಗೆ ಕೈಯಿಲ್ಲ. ಕಾಯಕದ ಹಿರಿಮೆಯನ್ನು ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಹಾಡಿ ಹೊಗಳುವ ಈ ನೆಲದಲ್ಲಿಯೇ ಹೀಗೆ!

ಇದರಲ್ಲಿ ನನಗೆ ಹೆಚ್ಚು ನೋವಾಗುವುದಕ್ಕೆ ಕಾರಣವುಂಟು. ಉಪಗ್ರಹದಿಂದ ನೇರವಾಗಿ ಹಳ್ಳಿಗೆ ಇಳಿದ ಟೆಲಿವಿಜನ್ನನ್ನು ಕನ್ನಡಿಗರಲ್ಲಿ ಮೊದಲು ನೋಡಿದವರು ಯಾರು? ಬೆಂಗಳೂರಿನವರಲ್ಲ, ಮೈಸೂರಿನವರಲ್ಲ. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗರು! ವಿಕ್ರಮ ಸಾರಾಭಾಯಿಯವರು ಕಂಡ ಕನಸಿನಂತೆ 1969ರಲ್ಲಿ ಅಮೆರಿಕೆಯ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. 1971ರ ಕೊನೆಗೆ ಅವರು ತೀರಿಕೊಂಡರು, ಕನಸು ಉಳಿಯಿತು. 1975ರ ಆಗಸ್ಟ್ 1ರಂದು ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಪ್ರಸಾರ ಆರಂಭವಾಯಿತು. ದಿನಕ್ಕೆ ನಾಲ್ಕು ತಾಸು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ. ಒಕ್ಕಲುತನ, ಆರೋಗ್ಯ, ಕುಟುಂಬದ ವಿಷಯಗಳು ಕನ್ನಡದಲ್ಲಿಯೇ ಬಂದವು. ಆಗ ನನಗೆ ಹನ್ನೊಂದು ವರ್ಷ. ಸೋದರಮಾವನ ಊರಿನಲ್ಲಿ ಶಾಲೆಯ ಮುಂದೆ ನೆಲದ ಮೇಲೆ ಕುಳಿತು ನಾನೂ ನೋಡಿದೆ. ಹತ್ತಡಿ ಅಗಲದ ಆ ಬುಟ್ಟಿಯನ್ನು ಕೋಳಿಗೂಡಿಗೆ ಹೊಡೆಯುವಂಥ ತಂತಿಜಾಳಿಗೆಯಿಂದ ಮಾಡಿದ್ದರು. ಪಡುವಣಕ್ಕೆ, ಪೂರ್ವ ಆಫ್ರಿಕದ ನೆತ್ತಿಯ ಮೇಲಿದ್ದ ಉಪಗ್ರಹದತ್ತ ಅದು ಮುಖ ಮಾಡಿ ನಿಂತಿತ್ತು. ಎಲ್ಲರೂ ಪರದೆಯನ್ನು ನೋಡುತ್ತಿದ್ದರು. ನಾನು ಹಿಂತಿರುಗಿ ಬುಟ್ಟಿಯನ್ನು ನೋಡುತ್ತಿದ್ದೆ. ಮಾವನಿಂದ ತಲೆಯ ಮೇಲೊಂದು ಏಟೂ ಬಿತ್ತು.

ಸರಿಯಾಗಿ ಒಂದು ವರ್ಷ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಉಪಗ್ರಹವನ್ನು ಅಮೆರಿಕದವರು ಮರಳಿ ತಮ್ಮ ಕಡೆಗೆ ಒಯ್ದರು. ಮಾವನ ಊರಿನ ಪೆಟ್ಟಿಗೆ ಕುರುಡಾಯಿತು.

ಈಗ ಕೇಳಿ. ಅದೇ ಅವಧಿಯಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ಎಂಬ ಊರಿನಲ್ಲಿ ಸ್ಟೀವ್ ಬರ್ಕಿಲ್ ಎಂಬೊಬ್ಬ ತರುಣ ಇಂಜಿನಿಯರನಿದ್ದ. ಬಿ.ಬಿ.ಸಿ.ಯಲ್ಲಿ ನೌಕರಿ, ಬಿಡುವಿನಲ್ಲಿ ಹವ್ಯಾಸ. ಅವನು ಮನೆಯಲ್ಲಿಯೇ ತಟ್ಟೆಯೊಂದನ್ನು ಕಟ್ಟಿ, ಗ್ರಾಹಕವನ್ನು ಕೈಯಿಂದ ಜೋಡಿಸಿ, ಆಕಾಶದಿಂದ ಟೆಲಿವಿಜನ್ ಚಿತ್ರವನ್ನು ಹಿಡಿದನು. ಯಾವ ಚಿತ್ರ? ನಮ್ಮ ಹಳ್ಳಿಗಳಿಗೆಂದು ಬಿಟ್ಟ ಚಿತ್ರ! ಬಿಜಾಪುರ ಜಿಲ್ಲೆಯ ರೈತನು ನೋಡಲೆಂದು ಕಳಿಸಿದ್ದನ್ನು, ಅದರ ಒಂದು ಮಾತೂ ತಿಳಿಯದ ಷೆಫೀಲ್ಡಿನವನು, ಕಿರಣದ ಅಂಚಿನಲ್ಲಿ ಸೋರಿ ಬಂದ ಕ್ಷೀಣ ಸಂಕೇತದಿಂದ ಹೆಕ್ಕಿಕೊಂಡನು. ಮನೆಯಲ್ಲಿ ಉಪಗ್ರಹ ಟೆಲಿವಿಜನ್ ನೋಡುವ ಹವ್ಯಾಸದ ಚರಿತ್ರೆಯನ್ನು ಬರೆಯುವವರು ಅವನಿಂದಲೇ ಆರಂಭಿಸುತ್ತಾರೆ. ಮರುವರ್ಷ ಅಮೆರಿಕದ ಸ್ಟ್ಯಾನ್‌ಫರ್ಡಿನ ಪ್ರಾಧ್ಯಾಪಕ ಟೇಲರ್ ಹೋವರ್ಡ್ ತನ್ನ ಮನೆಯಲ್ಲಿ ಅಂಥದೇ ಸಾಹಸ ಮಾಡಿದನು. ಮಾಡುವ ಬಗೆಯನ್ನು ಬರೆದು ಇತರರಿಗೂ ಹಂಚಿದನು. ಊಟ ಬಡಿಸಿದ್ದು ನಮ್ಮ ಪಂಕ್ತಿಗೆ. ರುಚಿ ಹತ್ತಿದ್ದು ಬೀದಿಯಲ್ಲಿ ಹೋಗುವವನಿಗೆ.

"ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು" ಎಂಬ ಗಾದೆಯನ್ನು ಕಟ್ಟಿದ ಜನ ನಾವು. ಅಂಥ ನಾವು ಆಕಾಶದಿಂದ ಪುಕ್ಕಟೆ ಸುರಿಯುವುದಕ್ಕೆ ಮಾತ್ರ ಬೊಗಸೆಯೊಡ್ಡಲಿಲ್ಲವೇಕೆ? ಅಂದು ಹಣವಿರಲಿಲ್ಲ, ಸಾಮಾನು ಸಿಕ್ಕುತ್ತಿರಲಿಲ್ಲ, ಲೈಸೆನ್ಸಿನ ಕಾಟ ಬೇರೆ, ಒಪ್ಪಿದೆ. ಬಿಜಾಪುರದ ಬಡ ಹುಡುಗನನ್ನು ಷೆಫೀಲ್ಡಿನ ಇಂಜಿನಿಯರನೊಡನೆ ತೂಗುವುದು ನ್ಯಾಯವಲ್ಲ. ಆದರೆ ಇಂದಿನ ನೆವವೇನು? ಹೊಸ ಪೆಟ್ಟಿಗೆ, ತಟ್ಟೆ ಎಲ್ಲ ಸೇರಿ ಒಂದು ಜೊತೆ ಒಳ್ಳೆಯ ಬೂಟಿನ ಬೆಲೆ. ಹಳೆಯ ಜಾಳಿಗೆ ಡಿಶ್ಶುಗಳು ಮೋಡಕಾ ಅಂಗಡಿಯಲ್ಲಿ ಕಬ್ಬಿಣದ ತೂಕಕ್ಕೆ ಸಿಗುತ್ತವೆ.

ಇಂದಿನ ನೆವ ಒಂದೇ: "ಮೊಬೈಲಿನಲ್ಲಿ ಎಲ್ಲವೂ ಇದೆಯಲ್ಲ!" ಇದೆ. ನನ್ನ ಕಿಸೆಯಲ್ಲೂ ಅದಿದೆ. ಅದರ ಉಪಕಾರವನ್ನು ಅಲ್ಲಗಳೆಯಲಾರೆ. ಮಳೆ ಜೋರಾಗಿ ಹೊಡೆದರೆ ನನ್ನ ಎರಡಡಿಯ ತಟ್ಟೆ ಚಿತ್ರ ಕಳೆದುಕೊಳ್ಳುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಆದರೆ ಎರಡಕ್ಕೂ ಒಂದು ಭೇದವಿದೆ. ಮೊಬೈಲು ನೀವು ಏನು ನೋಡಿದಿರಿ, ಎಷ್ಟು ಹೊತ್ತು ನೋಡಿದಿರಿ, ಎಲ್ಲಿ ಬೇಸರಪಟ್ಟಿರಿ ಎಂದು ಲೆಕ್ಕ ಬರೆದಿಟ್ಟು, ಅದರಂತೆ ಮುಂದಿನ ತುತ್ತನ್ನು ಬಾಯಿಗಿಡುತ್ತದೆ. ಉಪಗ್ರಹಕ್ಕೆ ಆ ಚಾಡಿಬುದ್ಧಿಯಿಲ್ಲ. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಅದು ಸುರಿಯುತ್ತಲೇ ಇರುತ್ತದೆ. ಇಂಡಿಯ ಮಾಸ್ತರನು ಹಿಡಿದನೋ, ಬಾಗೇವಾಡಿಯ ಕುಂಬಾರನು ಹಿಡಿದನೋ ಅದಕ್ಕೆ ಗೊತ್ತಾಗುವುದೇ ಇಲ್ಲ. ನೋಡುವವನು ಒಬ್ಬನಿರಲಿ, ಕೋಟಿಯಿರಲಿ, ಅದರ ಖರ್ಚು ಒಂದೇ. ಬಡಿಸುವವನಿಗೆ ಉಣ್ಣುವವನ ಹೆಸರು ಬೇಡವಾದ ಅನ್ನಛತ್ರ ಅದು. ಮೊಬೈಲಿನಲ್ಲಿ ನೀವು ಕೇಳಿದ್ದು ಸಿಗುತ್ತದೆ. ಡಿಶ್ಶಿನಲ್ಲಿ ನೀವು ಕೇಳದೆ ಇದ್ದದ್ದು ಸಿಗುತ್ತದೆ. ನಾನು ತಟ್ಟೆ ತಿರುಗಿಸುತ್ತಿರುವಾಗ ಒಮ್ಮೆ ಬಂಗಾಳಿಯ ವಾರ್ತೆ ಬಂದಿತು, ಒಮ್ಮೆ ಹೆಸರು ತಿಳಿಯದ ಭಾಷೆಯೊಂದರಲ್ಲಿ ರೇಷ್ಮೆಹುಳು ಸಾಕುವ ಪಾಠ ಬಂದಿತು. ಅದರಿಂದ ನನಗೇನು ಲಾಭ? ಏನೂ ಇಲ್ಲ. ಆದರೆ ಲೋಕ ನನ್ನ ರುಚಿಗಿಂತ ದೊಡ್ಡದೆಂಬ ನೆನಪು ಉಳಿಯಿತು.

"ಪುಕ್ಕಟೆಯಲ್ಲಿ ನೋಡುವಂಥದ್ದೇನಿದೆ?" ಎಂಬುದು ಸುಶಿಕ್ಷಿತರ ಕೊನೆಯ ಬಾಣ. ಈ ಬಾಣ ಅವರ ಎದೆಗೇ ತಿರುಗುವಂಥದು. ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು ಎಂದು 1995ರ ಫೆಬ್ರವರಿಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಊರ ಕೆರೆಯಂತೆ, ಗೋಮಾಳದಂತೆ, ಆ ಆಕಾಶವೂ ನಮ್ಮ ನಿಮ್ಮೆಲ್ಲರದು. ಆದರೆ ಫ್ರೀ ಡಿಶ್ಶಿನಲ್ಲಿ ಖಾಸಗಿ ವಾಹಿನಿಗಳಿಗೆ ಜಾಗ ಸಿಗುವುದು ಹರಾಜಿನಲ್ಲಿ. ಅಲ್ಲಿ ಹಿಂದಿಯ ಸಿನೆಮಾ, ಹಿಂದಿಯ ವಾರ್ತೆಗಳದೇ ಸಿಂಹಪಾಲು. ಕನ್ನಡಕ್ಕೆ ಮುಖ್ಯ ಆಸರೆ ನಮ್ಮ ಚಂದನವೇ. ಇದು ಹೀಗೇಕೆಂದು ಕೇಳುವವರಾರು? ನೋಡುವ ರೈತನಿಗೆ, ಕೂಲಿಯವನಿಗೆ ಪತ್ರ ಬರೆಯುವ ರೂಢಿಯಿಲ್ಲ. ಪತ್ರ ಬರೆಯಬಲ್ಲ ನಾವು ನೋಡುವುದಿಲ್ಲ. ಧ್ವನಿಯಿದ್ದವರು ಎದ್ದುಹೋದ ಮನೆ ಹೇಗಿದ್ದೀತು?

ಈ ರೋಗವನ್ನು ನಾನು ಚೆನ್ನಾಗಿ ಬಲ್ಲೆ. ಮೂವತ್ತೆಂಟು ವರ್ಷ ಸರಕಾರಿ ಕನ್ನಡ ಶಾಲೆಗಳಲ್ಲಿ ಕಲಿಸಿದವನು ನಾನು. ಮೊದಲು ಊರ ಡಾಕ್ಟರರ ಮಗ ಬಿಟ್ಟನು, ಆಮೇಲೆ ವಕೀಲರ ಮಗಳು, ಆಮೇಲೆ ಕಿರಾಣಿ ಅಂಗಡಿಯವರ ಮಕ್ಕಳು. ನಾಚಿಕೆಯಿಂದ ಹೇಳುತ್ತೇನೆ, ಕೊನೆಗೆ ನನ್ನ ಮಗನೂ ಬಿಟ್ಟನು. ಹೆಂಚು ಒಡೆದಿದೆಯೆಂದು ಜಗಳಾಡುವ ಪಾಲಕರೆಲ್ಲ ಹೊರಟುಹೋದ ಮೇಲೆ ಹೆಂಚು ಒಡೆದೇ ಉಳಿಯಿತು. ಆಗ ಹೋದವರು ತಿರುಗಿ ನೋಡಿ, "ನೋಡಿದಿರಾ, ಸರಕಾರಿ ಶಾಲೆಯಲ್ಲಿ ಏನಿದೆ?" ಎಂದರು. ಸಾರ್ವಜನಿಕವಾದದ್ದು ಕೆಟ್ಟಿದೆಯೆಂದು ನಾವು ಬಿಡುವುದಿಲ್ಲ ಓದುಗರೇ. ನಾವು ಬಿಟ್ಟದ್ದರಿಂದ ಅದು ಕೆಡುತ್ತದೆ.

ಹಾಗಾದರೆ ಎಲ್ಲರೂ ಮಾಳಿಗೆ ಏರಿರೆಂದು ನನ್ನ ವಾದವೇ? ಅಲ್ಲ. ಹವ್ಯಾಸಿಗಳು ಎಲ್ಲಿಯೂ ಕೆಲವರೇ. ಆದರೆ ತಾಲ್ಲೂಕಿಗೆ ನಾಲ್ವರಾದರೂ ಬೇಡವೆ? ಆಕಾಶದಲ್ಲಿ ಏನಿದೆ, ಏನು ಬಂತು, ಏನು ಹೋಯಿತು ಎಂದು ಬಲ್ಲ ನಾಲ್ವರಿದ್ದರೆ, "ಕನ್ನಡ ಎಲ್ಲಿ?" ಎಂದು ಕೇಳುವ ನಾಲ್ಕು ಧ್ವನಿಗಳಾದರೂ ಇರುತ್ತವೆ. ಶಾಲೆಗಳಿಂದಲೇ ಇದನ್ನು ಆರಂಭಿಸಬಹುದು. 1ರಿಂದ 12ನೆಯ ತರಗತಿಯವರೆಗೆ ತರಗತಿಗೊಂದರಂತೆ ಪಾಠದ ವಾಹಿನಿಗಳು ಇದೇ ಪುಕ್ಕಟೆ ತಟ್ಟೆಗೆ ಬರುತ್ತಿವೆ. ನಾನು ಕಂಡ ಶಾಲೆಯೊಂದರಲ್ಲಿ, ಹೆಸರು ಬೇಡ, ಡಿಶ್ಶಿನ ಹಿಂದೆ ಪಾರಿವಾಳ ಗೂಡು ಕಟ್ಟಿತ್ತು. ಪೆಟ್ಟಿಗೆಯ ಕೀಲಿಕೈ ಯಾರ ಹತ್ತಿರ ಇದೆಯೆಂದು ಯಾರಿಗೂ ತಿಳಿಯದು.

ನಿವೃತ್ತಿಯಾಗುವ ಮೊದಲಿನ ವರ್ಷ ನಾನೊಂದು ಪಾಠ ಮಾಡಿದೆ. ಎಂಟನೆಯ ಇಯತ್ತೆಯ ಮಕ್ಕಳನ್ನು ಅಂಗಳಕ್ಕೆ ಕರೆದೆ. ಒಂದು ದಿಕ್ಸೂಚಿ, ಒಂದು ಕೋನಮಾಪಕ, ಒಂದು ದಾರ, ಒಂದು ಕಲ್ಲು. ಫ್ರೀ ಡಿಶ್ಶಿನ ಚಿತ್ರ ಬರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15ರಿಂದ. ಇಂಡಿಯಿಂದ ನೋಡಿದರೆ ಅದು ಹೆಚ್ಚುಕಡಿಮೆ ಸರಿಯಾಗಿ ಆಗ್ನೇಯಕ್ಕೆ, ನೆಲದಿಂದ ಸುಮಾರು 61 ಡಿಗ್ರಿ ಎತ್ತರದಲ್ಲಿದೆ. ಲೆಕ್ಕ ಹಲಗೆಯ ಮೇಲೆ, ತಿರುಗಿಸುವುದು ಕೈಯಿಂದ. ಎರಡು ಮೂರು ಡಿಗ್ರಿ ತಪ್ಪಿದರೂ ಪರದೆ ಬರಿದು. ಗಂಡುಹುಡುಗರು ದಡಬಡಿಸಿ ಸೋತರು. ಕೊನೆಗೆ ಕುರಿ ಕಾಯುವ ಮನೆತನದ ಹುಡುಗಿಯೊಬ್ಬಳು ಬಂದಳು. ತಟ್ಟೆಯನ್ನು ಕೂದಲೆಳೆಯಷ್ಟು ಸರಿಸುತ್ತ, ನಿಲ್ಲುತ್ತ, ಸರಿಸುತ್ತ ಹೋದಳು. ಚಿತ್ರ ಬಂದಿತು. ಎಲ್ಲರೂ ಪರದೆಯ ಮುಂದೆ ಓಡಿದರು.

ಅವಳು ಓಡಲಿಲ್ಲ. ಡಿಶ್ಶಿನ ಹಿಂದೆಯೇ ನಿಂತು, ಅದು ಮುಖ ಮಾಡಿದ್ದ ಬರಿಯ ಆಕಾಶವನ್ನು ನೋಡುತ್ತಿದ್ದಳು. ಆಮೇಲೆ ಕೇಳಿದಳು: "ಸರ್, ಇದನ್ನ ಆ ಕಡೆ ತಿರಗಿಸಿದ್ರ ಏನ್ ಬರ್ತೈತ್ರಿ?"

ಐವತ್ತು ವರ್ಷದ ಹಿಂದೆ ಈ ಜಿಲ್ಲೆಯ ಜಾಳಿಗೆಬುಟ್ಟಿಯ ಮುಂದೆ ಇದೇ ಪ್ರಶ್ನೆ ಒಬ್ಬ ಹುಡುಗನ ಬಾಯಿಗೆ ಬಂದಿತ್ತು. ಮಾವನ ಏಟಿಗೆ ಅದು ಅಡಗಿತು. ಇವಳ ತಲೆಯ ಮೇಲೆ ಯಾರ ಕೈಯೂ ಬೀಳದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ. ನಾನು ಪಾನಾ ಅವಳ ಕೈಗೆ ಕೊಟ್ಟೆ.