ಲೇಔಟಿನ ಅಗೆತ: ನೋಡುವವರು ಯಾರು?

ಇಟ್ಟಿಗಿಯಿಂದ ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಯಾವ ಕಡೆ ಬಸ್ ಹತ್ತಿದರೂ ಊರಿಗಿಂತ ಮೊದಲು ಕಾಣುವುದು ಸೈಟಿನ ಕಲ್ಲು. ಆಗಲಿ, ಮನೆ ಎಲ್ಲರಿಗೂ ಬೇಕು, ಬೇಡ ಅನ್ನೋರ್‍ಯಾರು?

ಆದರೆ ನಮ್ಮದು ಬರೀ ಮಣ್ಣಲ್ಲ ಸ್ವಾಮಿ. ಬಾಗಳಿ, ಮಾಗಳ, ಹಿರೇಹಡಗಲಿ, ಅಂಬಳಿ, ಹೊಳೆದಂಡೆಯ ಕುರುವತ್ತಿ, ಎಲ್ಲ ಕಡೆ ಚಾಳುಕ್ಯರ ಕಾಲದ ಗುಡಿಗಳಿವೆ. ಅಂಥ ಗುಡಿ ಕಟ್ಟಿದ ಜನ ಬಯಲಲ್ಲಿ ಮಲಗುತ್ತಿದ್ದರೇ? ಅವರಿಗೂ ಮನೆ, ಬಾವಿ, ಅಂಗಡಿ ಇದ್ದವು. ಗುಡಿ ಕಲ್ಲಿನದು, ಉಳಿಯಿತು. ಮನೆ ಮಣ್ಣಿನದು, ಹೊಲದಡಿ ಸೇರಿತು.

2010ರ ಕೇಂದ್ರ ಕಾಯ್ದೆ ತಿದ್ದುಪಡಿ ಪ್ರಕಾರ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು. ಅದರಾಚೆ ಇನ್ನೂ 200 ಮೀಟರ್‌ಗೆ ಅನುಮತಿ ಬೇಕು. ಸರಿ, ಟೇಪು ಮುಗಿದ ಮೇಲೆ? ಹಳೇ ಊರನ್ನೇನು ಟೇಪು ಹಿಡಿದು ಕಟ್ಟಿದ್ದರೇ? 301ನೇ ಮೀಟರಿನಲ್ಲಿ ಜೆಸಿಬಿ ಬಾಯಿಗೆ ಶಾಸನದ ಕಲ್ಲು ಸಿಕ್ಕರೆ ಕೇಳೋರಿಲ್ಲ. ಡ್ರೈವರಿಗೆ ಅದು ಕಲ್ಲು, ಮೇಸ್ತ್ರಿಗೆ ಪಾಯದ ಸಾಮಾನು.

ಜನರ ಹೆದರಿಕೆಯೂ ಸುಳ್ಳಲ್ಲ. 2011ರಲ್ಲಿ ಹಂಪಿ ಬಜಾರಿನ ಮನೆ, ಅಂಗಡಿ ಕೆಡವಿದ್ದನ್ನು ವ್ಯಾಪಾರಸ್ಥರು ಮರೆತಿಲ್ಲ. "ಕಲ್ಲು ಸಿಕ್ತು ಅಂದ್ರೆ ಜಾಗ ಹೋಯ್ತು" ಅನ್ನುವ ಮಾತು ಹುಟ್ಟಿದ ಮೇಲೆ ಸಿಕ್ಕಿದ್ದನ್ನು ಬಾಯಿಬಿಟ್ಟು ಹೇಳುವವರು ಯಾರು?

ಐರ್ಲೆಂಡಿನಲ್ಲಿ ಬೇರೆ ರೀತಿ. ಅಲ್ಲಿ ಕಿಲ್ಕೆನ್ನಿಯಂಥ ಹಳೇ ಪಟ್ಟಣಗಳ ಹತ್ತಿರ ಬಡಾವಣೆಗೆ ಪರವಾನಗಿ ಕೊಡುವಾಗಲೇ ಒಂದು ಷರತ್ತು ಹಾಕುತ್ತಾರೆ. ಮೇಲ್ಮಣ್ಣು ತೆಗೆಯುವಾಗ ಪುರಾತತ್ವ ಬಲ್ಲವರೊಬ್ಬರು ಪಕ್ಕದಲ್ಲಿ ನಿಂತು ನೋಡಬೇಕು. ಏನಾದರೂ ಕಂಡರೆ ಅಷ್ಟು ಜಾಗದಲ್ಲಿ ಕೆಲಸ ನಿಲ್ಲಿಸಿ, ಅಳತೆ, ಫೋಟೋ ತೆಗೆದು ದಾಖಲಿಸುತ್ತಾರೆ. ಹೆಚ್ಚಿನ ಕಡೆ ಆಮೇಲೆ ಮನೆ ಏಳುತ್ತದೆ. ಖರ್ಚು ಬಡಾವಣೆ ಮಾಡುವವನದು.

ನಮಗೇನು ಕಷ್ಟ? ಜಿಲ್ಲಾಧಿಕಾರಿಗಳು ಎನ್.ಎ. ಆದೇಶ ಕೊಡುವಾಗ ಹಳೇ ಗುಡಿಯಿರುವ ಊರುಗಳಿಗಾದರೂ ಈ ಷರತ್ತು ಹಾಕಬಹುದು. ನೋಡಲು ಜನ ಬೇಕೆಂದರೆ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಪುರಾತತ್ವ ಓದಿದ ಹುಡುಗರಿದ್ದಾರೆ. ಖರ್ಚು ಲೇಔಟ್ ಮಾಲೀಕನ ಮೇಲಿರಲಿ, ಸಾಲ ಮಾಡಿ ಸೈಟು ಕೊಂಡವನ ತಲೆಗೆ ಕಟ್ಟುವುದು ಬೇಡ. ಮುಖ್ಯವಾಗಿ ಗಡುವು ಬೇಕು: ಇಷ್ಟು ದಿನದೊಳಗೆ ದಾಖಲಿಸಿ ಜಾಗ ಬಿಟ್ಟುಕೊಡುತ್ತೇವೆ ಅಂತ ಆದೇಶದಲ್ಲೇ ಬರೆದುಕೊಡಿ. ಆಗ ಮೇಸ್ತ್ರಿಯೇ ಫೋನ್ ಮಾಡಿ ಕರೀತಾನೆ.