ಮಗಳ ಮನೆಗೆ ನಡೆದು ಹೋಗುವವರು



ಬಹರೈನಿನಿಂದ ಸೌದಿಗೆ ಹೋಗುವ ಫಹದ್ ಸೇತುವೆಯನ್ನು ನೀವೆಲ್ಲ ನೋಡಿದ್ದೀರಿ. ಅದರ ಉದ್ದ ಸುಮಾರು 25 ಕಿ.ಮೀ. ಅಷ್ಟು ದೂರವನ್ನು ಒಂದೇ ದಿನದಲ್ಲಿ ನಡೆದು ಮುಗಿಸಬೇಕು, ಮರುದಿನ ಎದ್ದು ಮತ್ತೆ ಅಷ್ಟೇ ನಡೆಯಬೇಕು, ಹೀಗೆ ಎರಡು ವಾರಕ್ಕೂ ಹೆಚ್ಚು ಎಂದರೆ ನೀವೇನು ಹೇಳುತ್ತೀರಿ? ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಸಾವಿರಾರು ಜನ ಪ್ರತಿವರ್ಷ ಯುಗಾದಿಯ ಹೊತ್ತಿಗೆ ಇದನ್ನೇ ಮಾಡುತ್ತಾರೆ. ವಿಜಯಪುರದಿಂದ ಆಂಧ್ರದ ಶ್ರೀಶೈಲಕ್ಕೆ 400 ಕಿ.ಮೀ.ಗೂ ಹೆಚ್ಚು ದಾರಿ. ಗಂಡ-ಹೆಂಡತಿ ಜೋಡಿಯಾಗಿ ಹೋಗುತ್ತಾರೆ, ಮುದುಕರು ಹೋಗುತ್ತಾರೆ. ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡು ನಡೆಯುತ್ತಾರೆ.

ಇಷ್ಟು ಕಷ್ಟಪಟ್ಟು ಯಾಕೆ ಹೋಗುತ್ತಾರೆ? ಇದರ ಉತ್ತರ ನನಗೆ ಬಹಳ ಇಷ್ಟ. ಶ್ರೀಶೈಲದಲ್ಲಿ ಇಬ್ಬರು ದೇವರು: ಮಲ್ಲಿಕಾರ್ಜುನ ಮತ್ತು ಭ್ರಮರಾಂಬೆ. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ನಮ್ಮ ಅಳಿಯ ಎಂದು ನಮ್ಮ ಜನ ನಂಬುತ್ತಾರೆ. ಅದಕ್ಕೇ ಹಬ್ಬಕ್ಕೆ ಮಗಳ ಮನೆಗೆ ಹೋಗುವಂತೆ ಸೀರೆ, ಕುಪ್ಪಸ, ಅರಿಶಿನ-ಕುಂಕುಮ, ಬಳೆ ತೆಗೆದುಕೊಂಡು ಹೋಗುತ್ತಾರೆ. ತವರಿನವರು ಬರಿಗೈಲಿ ಹೋಗಬಾರದಲ್ಲ!

ನಮ್ಮ ಅತ್ತೆ ಒಂಬತ್ತು ವರ್ಷ ಹೀಗೆ ನಡೆದವರು. ಈಗ ಅವರ ಕೈಲಾಗುವುದಿಲ್ಲ. ಹಾಗಾಗಿ ಒಮ್ಮೆ ನಾನೂ ನಮ್ಮ ಮನೆಯವರೂ ಹೊರಟೆವು. ಇಲ್ಲಿಂದ ಸಿಕ್ಕ ರಜೆಯಲ್ಲಿ ಪೂರ್ತಿ ದಾರಿ ನಡೆಯಲು ಆಗದು. ಆತ್ಮಕೂರಿನ ಹತ್ತಿರದ ವೆಂಕಟಾಪುರದಲ್ಲಿ ನಮ್ಮೂರಿನ ಗುಂಪನ್ನು ಸೇರಿ, ಅಲ್ಲಿಂದ ಮುಂದಿನ ಕಾಡುದಾರಿಯನ್ನಷ್ಟೇ ನಡೆದೆವು. ಹೊರಡುವಾಗ ಅತ್ತೆ ಇಳಕಲ್ ಸೀರೆಯನ್ನು ನಮ್ಮಿಬ್ಬರ ಕೈಯಲ್ಲೂ ಇಟ್ಟು, “ಇಬ್ಬರೂ ಕೂಡಿ ಮುಟ್ಟಸರಿ” ಎಂದರು. ಆ ಕಾಡಿನ ಮೊದಲ ದಿನದ ಕಥೆಯನ್ನು ನಿಮಗೆ ಹೇಳಬೇಕು.

ಬೆಳಗಿನ ಜಾವ 4 ಗಂಟೆಗೆ ಎದ್ದೆವು. ಬಿಸಿಲೇರುವ ಮೊದಲು ಎಷ್ಟು ನಡೆದರೆ ಅಷ್ಟು ಲಾಭ. ಈ ಕಾಡಿನ ಹೆಸರು ನಲ್ಲಮಲ. ತೆಲುಗಿನಲ್ಲಿ ‘ನಲ್ಲ’ ಎಂದರೆ ಕಪ್ಪು, ‘ಮಲ’ ಎಂದರೆ ಬೆಟ್ಟ. ಇದು ಹುಲಿ ಸಂರಕ್ಷಿತ ಪ್ರದೇಶ. ಒಬ್ಬಂಟಿಯಾಗಿ ಯಾರೂ ನಡೆಯುವುದಿಲ್ಲ. ಎಲ್ಲರಿಗಿಂತ ಮುಂದೆ ಮಲ್ಲಯ್ಯನ ಕಂಬಿ ಹೊತ್ತವರು, ಹಿಂದೆ ನಾವು. “ಹರ ಹರ ಮಹಾದೇವ” ಎಂದು ಒಬ್ಬರು ಕೂಗಿದರೆ ಕತ್ತಲೊಳಗಿಂದ ನೂರು ದನಿ ಉತ್ತರ ಕೊಡುತ್ತಿದ್ದವು.

ನಾಗಲೂಟಿಗೆ ಹತ್ತುವ ದಾರಿಯಲ್ಲಿ ಬರೀ ಕಲ್ಲು, ಏರು. ಅಲ್ಲಿ ವೀರಭದ್ರನ ಹಳೆಯ ಗುಡಿ ಇದೆ. ಗುಡಿ ಮುಟ್ಟುವಷ್ಟರಲ್ಲಿ ನಮ್ಮ ಮನೆಯವರ ಮೊಣಕಾಲು ಬಾತುಕೊಂಡಿತ್ತು. ಮುಂದೆ ಇನ್ನೂ ದಟ್ಟ ಕಾಡು. ಆಟೋ ಇಲ್ಲ, ಬಸ್ಸಿಲ್ಲ. ತಿರುಗಿ ಹೋಗುವುದಾದರೆ ಅಲ್ಲಿಂದಲೇ ಹೋಗಬೇಕು.

“ನೀ ಮಂದಿ ಜೋಡಿ ಮುಂದ ನಡಿ. ನಾ ಹೊಳ್ಳಿ ಹೋಗಿ ಬಸ್ಸಿನ್ಯಾಗ ಬರ್ತೀನಿ” ಎಂದರು ಅವರು.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕಾಲು ನೋಡಿದರೆ ಅವರು ಹೇಳಿದ್ದು ಸರಿ. ಸೀರೆಯ ಗಂಟು ನೋಡಿದರೆ ಸರಿಯಲ್ಲ. ಪಕ್ಕದಲ್ಲಿ ಕುಳಿತು ಅವಲಕ್ಕಿ ತಿನ್ನುತ್ತಿದ್ದ ಒಬ್ಬ ಅಜ್ಜಿ ನಮ್ಮ ಮಾತು ಕೇಳಿಸಿಕೊಂಡು ಅಂದರು: “ತಂಗೀ, ಸೀರಿ ಒಬ್ಬಾಕಿ ಕೈಯಾಗ ಕೊಟ್ಟ ಕಳಿಸ್ಯಾರೇನ? ತಮ್ಮಾ, ನೀ ಏಳು, ಮುಂದ ನಿಂದರು. ಯಾರ ಕಾಲು ಸಾವಕಾಶ ಐತಿ, ಅವರ ಹೆಜ್ಜೀನ ಎಲ್ಲರ ಹೆಜ್ಜಿ.”

ಅಷ್ಟೇ. ಯಾರೋ ಎಣ್ಣೆ ತಿಕ್ಕಿದರು. ಇನ್ಯಾರೋ ತಮ್ಮ ಕೋಲು ಕೊಟ್ಟರು. ನೀರು, ಬಟ್ಟೆಯ ಚೀಲ ನನ್ನ ಹೆಗಲಿಗೆ ಬಂತು. ಸೀರೆಯ ಗಂಟು ಮಾತ್ರ ಅವರ ಬಳಿಯೇ ಉಳಿಯಿತು. ಅವರು ಮುಂದೆ, ನಾನು ಹಿಂದೆ, ಅಜ್ಜಿಯ ಗುಂಪು ನನ್ನ ಹಿಂದೆ. ಬೇರೆ ಗುಂಪುಗಳು ನಮ್ಮನ್ನು ದಾಟಿ ಹೋದವು. ನಮ್ಮ ಗುಂಪಿನವರು ಯಾರೂ ದಾಟಲಿಲ್ಲ.

ಇಬ್ಬರು ಜೊತೆಯಾಗಿ ನಡೆಯುವುದೆಂದರೆ ಮಾತಾಡುತ್ತಾ ನಡೆಯುವುದು ಎಂದುಕೊಂಡಿದ್ದೀರಾ? ಮಧ್ಯಾಹ್ನದ ಬಿಸಿಲಿಗೆ ಮಾತೇ ಹೊರಡುವುದಿಲ್ಲ. ಅವರ ಕೋಲಿನ ಸಪ್ಪಳ ಕೇಳಿಯೇ ನೋವು ಹೆಚ್ಚಾಯಿತೋ ಕಡಿಮೆಯಾಯಿತೋ ನನಗೆ ಗೊತ್ತಾಗುತ್ತಿತ್ತು. ಸಪ್ಪಳ ತಡವಾದರೆ ನಾನು ನೀರಿನ ಬಾಟಲಿ ಮುಂದೆ ಚಾಚುತ್ತಿದ್ದೆ.

ಸಂಜೆಗೆ ಪೆದ್ದಚೆರುವು ಮುಟ್ಟಿದೆವು. ಮಕ್ಕಳೇ, ತೆಲುಗಿನ ‘ಪೆದ್ದ’ ಎಂದರೆ ದೊಡ್ಡ, ‘ಚೆರುವು’ ಎಂದರೆ ಕೆರೆ. ಹೆಸರಿನಂತೆಯೇ ಕಾಡಿನ ನಡುವೆ ಒಂದು ದೊಡ್ಡ ಕೆರೆ. ಇದು ಚೆಂಚು ಬುಡಕಟ್ಟಿನ ಜನರ ನಾಡು. ತಮಾಷೆ ಏನು ಗೊತ್ತೇ? ಮಲ್ಲಯ್ಯ ನಮ್ಮ ಹುಡುಗಿಯನ್ನು ಮದುವೆಯಾದ, ಅವನು ನಮ್ಮ ಅಳಿಯ ಎಂದು ಚೆಂಚು ಜನರೂ ಹೇಳುತ್ತಾರೆ! ಆ ರಾತ್ರಿ ದಾಸೋಹದಲ್ಲಿ ಬಿಸಿ ಅನ್ನ, ಸಾರು. ಬಡಿಸುವವರಾಗಲಿ, ಉಣ್ಣುವವರಾಗಲಿ ಯಾರೂ ಯಾರ ಊರು, ಜಾತಿ ಕೇಳಲಿಲ್ಲ.

ಮರುದಿನ ಭೀಮನ ಕೊಳದ ಕಣಿವೆ ಇಳಿದು, ಮೆಟ್ಟಿಲು ಹತ್ತಿ, ಕೈಲಾಸ ದ್ವಾರದ ಮೂಲಕ ಶ್ರೀಶೈಲ ಸೇರಿದೆವು. 14ನೆಯ ಶತಮಾನದಲ್ಲಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದವನು ರೆಡ್ಡಿ ಅರಸ ಪ್ರೋಲಯ ವೇಮ. ನೀವು ತರಗತಿಯಲ್ಲಿ ಓದಿದ ಅಕ್ಕಮಹಾದೇವಿ ಅದಕ್ಕೂ ಮೊದಲು, 12ನೆಯ ಶತಮಾನದಲ್ಲಿ, ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಈ ಬೆಟ್ಟಕ್ಕೆ ಬಂದವಳು. ಅವಳು ತನ್ನ ಗಂಡನೆಂದು ಕರೆದ ಚೆನ್ನಮಲ್ಲಿಕಾರ್ಜುನ ಇವನೇ. ಆಂಧ್ರದ ಆ ಊರಿನಲ್ಲಿ ಇವತ್ತಿಗೂ ಕನ್ನಡ ಬೋರ್ಡುಗಳು ಕಾಣುತ್ತವೆ. ಸೀರೆಯನ್ನು ಇಬ್ಬರೂ ಕೂಡಿಯೇ ಒಪ್ಪಿಸಿದೆವು.

ಪೋಷಕರೇ, ನಾವೆಲ್ಲ ಮನೆ ಬಿಟ್ಟು ದೂರ ಬಂದ ಮಕ್ಕಳು. ಮಗಳು ರಾಜ್ಯದಾಚೆ ಇದ್ದಾಳೆಂದು ನಮ್ಮ ಹಿರಿಯರು ಸಂಬಂಧ ಬಿಡಲಿಲ್ಲ. ವರ್ಷಕ್ಕೊಮ್ಮೆ ಕಾಲು ಸವೆಸಿ ಅದನ್ನು ಉಳಿಸಿಕೊಂಡರು. ಭಾಷೆಯೂ ಅಂಥದೇ ಒಂದು ಸಂಬಂಧ. ಮನೆಯಲ್ಲಿ ಒಂದು ಮಗು ಪಟಪಟ ಕನ್ನಡ ಮಾತಾಡುತ್ತದೆ, ಇನ್ನೊಂದು ತಡವರಿಸುತ್ತದೆ. ತಡವರಿಸುವ ಮಗುವನ್ನು ಮುಂದೆ ನಿಲ್ಲಿಸಿ, ಅದರ ಹೆಜ್ಜೆಗೆ ನಾವು ಹೆಜ್ಜೆ ಹಾಕೋಣ.

ಮಕ್ಕಳೇ, ಈ ತಿಂಗಳ ಹೊಸ ಪದಗಳು:
ಕಂಬಿ – ಭಕ್ತರು ಹೆಗಲ ಮೇಲೆ ಹೊತ್ತು ತರುವ ದೇವರ ಕೋಲು.
ಮರಗಾಲು – ಕಾಲಿಗೆ ಕಟ್ಟಿಕೊಂಡು ಎತ್ತರದಲ್ಲಿ ನಡೆಯುವ ಮರದ ಕೋಲುಗಳು.
ದಾಸೋಹ – ಬಂದವರಿಗೆಲ್ಲ ಭೇದವಿಲ್ಲದೆ ಊಟ ಬಡಿಸುವುದು.
ಸಾವಕಾಶ – ನಿಧಾನ.

ಈ ತಿಂಗಳ ಕೆಲಸ: ಒಂದು ಶುಕ್ರವಾರ ಸಂಜೆ, ಬಿಸಿಲು ಇಳಿದ ಮೇಲೆ, ಮನೆಯವರೆಲ್ಲ ಹೂರಾದಿಂದ ಸಮುದ್ರದ ಕಡೆಗೆ ಒಂದು ಗಂಟೆ ನಡೆಯಿರಿ. ಮನೆಯ ಅತಿ ಚಿಕ್ಕವರು ಮುಂದೆ ನಡೆಯಲಿ, ಯಾರೂ ಅವರನ್ನು ದಾಟಬಾರದು. ದಾರಿಯಲ್ಲಿ ಕಂಡದ್ದನ್ನು ಹತ್ತು ಸಾಲಿನಲ್ಲಿ ಬರೆದು ನಿಮ್ಮ ಟೀಚರಿಗೆ ಕೊಡಿ.

ಮುಂದಿನ ತಿಂಗಳು ಸಿಗೋಣ.