ಹೊಗೆಗೂ ರೇಟ್ ಇದೆ, ಗೊತ್ತಾ? (ಭಾಗ 3)

ಎರಡನೇ ಫೋಟೋ ನೋಡಿ. ದೊಡ್ಡಮ್ಮನ ಮನೆ ತಾರಸಿ, ಒಣಹಾಕಿದ ದೊಡ್ಡಪ್ಪನ ಬಿಳಿ ಪಂಚೆ, ಅದರ ಮೇಲೆ ಕಂದು ಪುಡಿ. ಪಕ್ಕದಲ್ಲೇ ಉಕ್ಕಿನ ಕಾರ್ಖಾನೆ. ಹೆಸರು ಬೇಡ ಬಿಡಿ, ಅದಿರು ಲಾರಿಗಳ ಧೂಳೂ ಇದರಲ್ಲಿ ಸೇರಿರಬಹುದು. "ಕಾರ್ಖಾನೆ ಅಂದ್ಮೇಲೆ ಹೊಗೆ ಇರುತ್ತೆ ಕಣೋ" ಅಂತಾರೆ ದೊಡ್ಡಮ್ಮ. ನಾನು ಒಪ್ಪಲ್ಲ.

ಕರಗಿದ ಕಬ್ಬಿಣದಲ್ಲಿ ಸುಮಾರು 4% ಇಂಗಾಲ ಇರುತ್ತೆ. ಅದನ್ನು ತೆಗೆಯೋಕೆ ಕನ್ವರ್ಟರ್ ಅನ್ನೋ ದೈತ್ಯ ಪಾತ್ರೆಗೆ ಸುರಿದು, ಮೇಲಿಂದ ಶುದ್ಧ ಆಮ್ಲಜನಕ ಊದ್ತಾರೆ. 1952ರಲ್ಲಿ ಆಸ್ಟ್ರಿಯಾದ ಲಿಂಜ್‌ನಲ್ಲಿ ಶುರುವಾದ ವಿಧಾನ ಇದು. ಆಮ್ಲಜನಕ ತಾಗೋ ಜಾಗದಲ್ಲಿ ಶಾಖ 2000 ಡಿಗ್ರಿ ದಾಟುತ್ತೆ. ಅಲ್ಲಿ ಕಬ್ಬಿಣವೇ ಆವಿಯಾಗಿ, ಗಾಳಿ ಸೇರಿ, ಕಂದು ಹೊಗೆಯಾಗುತ್ತೆ. ಒಂಥರಾ ಹಾರಾಡೋ ತುಕ್ಕು!

ಈಗ ನನ್ನ ಬಿಕಾಂ ಬುದ್ಧಿ ಕೇಳಿ. ಊದುವಾಗ ಬರೋ ಗ್ಯಾಸಲ್ಲಿ ಹೆಚ್ಚಿನ ಪಾಲು ಕಾರ್ಬನ್ ಮಾನಾಕ್ಸೈಡ್. ವಿಷ ಹೌದು, ಆದ್ರೆ ಇಂಧನವೂ ಹೌದು. 1960ರ ದಶಕದಲ್ಲಿ ಜಪಾನಿನವರು ಪಾತ್ರೆಯ ಬಾಯಿಗೆ ಮುಸುಕು ಇಳಿಸಿ, ಹೊರಗಾಳಿ ಸೇರದ ಹಾಗೆ ಮಾಡಿ, ಈ ಗ್ಯಾಸನ್ನು ಸುಡದೇ ಹಿಡಿದರು. ಗಾಳಿ ಸೇರಲಿಲ್ಲ ಅಂದ್ರೆ ತೊಳೆಯಬೇಕಾದ ಗ್ಯಾಸೂ ಕಡಿಮೆ. ಧೂಳು ತೆಗೆದು, ಟ್ಯಾಂಕಲ್ಲಿ ತುಂಬಿಟ್ಟು, ಉರಿಸ್ತಾರೆ. ಕಾಸ್ಟಿಂಗ್ ಕ್ಲಾಸಲ್ಲಿ ಬೈ-ಪ್ರಾಡಕ್ಟ್ ಅಂತ ಓದ್ತೀವಲ್ಲ, ಅದೇ. ದುಡ್ಡು ಉಳಿಸುತ್ತೆ, ಅದಕ್ಕೇ ಹಿಡೀತಾರೆ.

ಆದ್ರೆ ಊದೋಕೆ ಮುಂಚೆ? ಪಾತ್ರೆ ವಾಲಿಸಿ, ಒಳಗಿರೋ ಗುಜರಿ ಮೇಲೆ ಕಾದ ಕಬ್ಬಿಣ ಸುರೀತಾರೆ. ಗುಜರಿಗೆ ಎಣ್ಣೆ, ಕೊಳೆ ಅಂಟಿದ್ರೆ ಭಗ್ ಅಂತ ಬೆಂಕಿ, ದಟ್ಟ ಹೊಗೆ. ಪಾತ್ರೆ ವಾಲಿರೋದ್ರಿಂದ ಆ ಮುಸುಕು ಆಗ ಉಪಯೋಗಕ್ಕೆ ಬರಲ್ಲ. ಬೇರೆ ಏರ್ಪಾಡು ಇಲ್ಲದಿದ್ರೆ ಹೊಗೆ ಶೆಡ್ಡಿನ ಛಾವಣಿಯಿಂದ ಸೀದಾ ಊರಿಗೆ.

ಇದನ್ನೂ ತಡೀಬಹುದು. ಪಾತ್ರೆ ಸುತ್ತ ಕೋಣೆ ಥರ ಮರೆ ಕಟ್ಟಿ, ದೊಡ್ಡ ಫ್ಯಾನಲ್ಲಿ ಹೊಗೆ ಎಳೆದು, ಬಟ್ಟೆಚೀಲದ ಫಿಲ್ಟರಲ್ಲಿ ಸೋಸಬೇಕು. ಅಗ್ಗದ ದಾರಿನೂ ಇದೆ: ಶುದ್ಧ ಗುಜರಿ ಹಾಕಿ, ನಿಧಾನಕ್ಕೆ ಸುರಿಯೋದು. ಆದ್ರೆ ಈ ಹೊಗೆಯಿಂದ ಇಂಧನ ಸಿಗಲ್ಲ. ಫ್ಯಾನಿಗೆ ಕರೆಂಟ್ ಬಿಲ್ಲು, ನಿಧಾನಕ್ಕೆ ಸುರಿದ್ರೆ ಟೈಮ್ ಲಾಸ್. ಬರೀ ಖರ್ಚು.

ಅದಕ್ಕೇ ನನ್ನ ತಕರಾರು: ಲಾಭ ಇರೋ ಹೊಗೆನ ಕಾರ್ಖಾನೆ ತಾನಾಗೇ ಹಿಡಿಯುತ್ತೆ, ಕಾನೂನಿನ ಬಿಗಿ ಬೇಕಿರೋದು ಲಾಭ ಇಲ್ಲದ ಹೊಗೆಗೆ. ಚಿಮಣಿಗೆ ಮೀಟರ್ ಇದೆ ಅಂದ್ರೆ ಸಾಲಲ್ಲ, ಛಾವಣಿ ಕಥೆ ಏನು? ದೊಡ್ಡಮ್ಮ ಎರಡೆರಡು ಸಲ ಒಗೆಯೋ ಸೋಪು, ನೀರು, ರಟ್ಟೆನೋವು ಯಾವ ಬ್ಯಾಲೆನ್ಸ್ ಶೀಟಲ್ಲೂ ಇಲ್ಲ.

ನಿಮ್ಮೂರ ಹತ್ರ ಕಾರ್ಖಾನೆ ವಿಸ್ತರಣೆಗೆ ಸಾರ್ವಜನಿಕ ಅಹವಾಲು ಸಭೆ ಕರೆದ್ರೆ ಹೋಗಿ. ಕಬ್ಬಿಣ ಸುರಿಯೋ ಹೊತ್ತಿನ ಹೊಗೆಗೆ ಏನ್ ಮಾಡಿದ್ದೀರಿ ಅಂತ ಕೇಳಿ. ಏನ್ ಉತ್ತರ ಬಂತು ಅಂತ ನಂಗೂ ಕಾಮೆಂಟಲ್ಲಿ ಹಾಕಿ.